ಖಂಡೆಪ್ಪನ ಮಂಟಪದ ಗುಂಯ್

ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಜಹೀರುದ್ದೀನನ ಸೌಂಡ್ ಸರ್ವಿಸ್ ಅಂಗಡಿ ಇದೆ. ಮದುವೆ, ಉರುಸು, ಪ್ರವಚನ, ಚುನಾವಣೆ ಭಾಷಣ, ಎಲ್ಲದಕ್ಕೂ ಮೂವತ್ತು ವರ್ಷ ಮೈಕು ಕಟ್ಟಿದವನು ಅವನು. ದೊಡ್ಡ ಸ್ಪೀಕರ್ ಪೆಟ್ಟಿಗೆಗಳ ಪಕ್ಕದಲ್ಲೇ ನಿಂತು ನಿಂತು ಅವನ ಎಡಗಿವಿ ರಾಜೀನಾಮೆ ಕೊಟ್ಟಿತ್ತು. ಇದನ್ನು ಮೊದಲು ಕಂಡುಹಿಡಿದವಳು ಹೆಂಡತಿ ಇಕ್ಬಾಲ್ ಬೇಗಂ. ಎಡಬದಿಯಿಂದ ಎಷ್ಟು ಬೈದರೂ ಗಂಡ ನಗುತ್ತಲೇ ಇರುತ್ತಾನೆ ಎಂದು ಅವಳಿಗೆ ಅನುಮಾನ ಬಂತು. ಡಾಕ್ಟರೂ ಅದನ್ನೇ ಹೇಳಿದರು. ಅವತ್ತಿನಿಂದ ಮಿಕ್ಸರ್ ಮುಂದೆ ಅವಳು ಕೂತಳು, ಪೆಟ್ಟಿಗೆ ಹೊರುವುದು ಅವನ ಪಾಲಿಗೆ ಬಂತು. ಬುರ್ಖಾ ಹಾಕಿ, ಎಲೆಅಡಿಕೆ ಡಬ್ಬಿ ಪಕ್ಕಕ್ಕಿಟ್ಟು ಕೂತವಳನ್ನು ನೋಡಿದವರು, ಯಾರದೋ ಅಮ್ಮೀಜಾನ್ ಕುರ್ಚಿ ಸಿಗದೆ ಇಲ್ಲಿ ಕೂತಿದ್ದಾರೆ ಅಂದುಕೊಳ್ಳುತ್ತಿದ್ದರು. ಅವಳೂ ಅದನ್ನು ತಿದ್ದುತ್ತಿರಲಿಲ್ಲ. ತಿದ್ದಿದರೆ ಬಂದು ಸಲಹೆ ಕೊಡುತ್ತಾರಲ್ಲ!

ನೆಹರು ಗಂಜಿನಲ್ಲಿ ತೊಗರಿ ವ್ಯಾಪಾರ ಮಾಡುವ ಖಂಡೆಪ್ಪ ಸಾಹುಕಾರರು ತಮ್ಮೂರು ಕಮಲಾಪುರದಲ್ಲಿ ಹೊಸ ಕಲ್ಯಾಣ ಮಂಟಪ ಕಟ್ಟಿಸಿದ್ದರು. ಉದ್ಘಾಟನೆಗೆ ನೀಲಗಂಗಮ್ಮನವರ ಹಿಂದುಸ್ತಾನಿ ಗಾಯನ ಇಟ್ಟುಕೊಂಡಿದ್ದರು. ಸೌಂಡಿಗೆ ಹೇಳಲು ಖುದ್ದಾಗಿ ಅಂಗಡಿಗೆ ಬಂದರು.

“ಜಹೀರ್ ಭಾಯಿ, ಆವಾಜ್ ಹ್ಯಾಂಗ್ ಬರಬೇಕಂದ್ರ, ಕುಂತೋರ ಎದಿ ನಡಗಬೇಕು ನೋಡು.”

“ಸಾವ್ಕಾರ್ರ, ಹಾಡೋರು ಎಪ್ಪತ್ತು ವರ್ಷದ ಅವ್ವಾರು. ಡಿಜೆ ಅಲ್ರಿ.”

“ಅದಕ್ಕೇ ಹೇಳ್ಲಾಕತ್ತೀನಿ. ವಯಸ್ಸಾಗ್ಯಾದ, ಧ್ವನಿ ಸಣ್ಣಾಗಿರತದ. ನೀ ದಪ್ಪ ಮಾಡಬೇಕು. ಎಕೋ ಭಾಳ ಹಾಕು.”

ಒಳಗಿನಿಂದ ಇಕ್ಬಾಲ್ ಬೇಗಂ ಹೇಳಿದಳು: “ಹಾಕ್ತೀವ್ರಿ. ಐತವಾರ ಹಾಡಿದ್ದು ಬುಧವಾರತನಾ ಕೇಳ್ತದ.”

ಖಂಡೆಪ್ಪನವರು ಇದನ್ನು ಭರವಸೆ ಎಂದೇ ತಿಳಿದು ಖುಷಿಯಿಂದ ಹೋದರು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಇಬ್ಬರೂ ಟೆಂಪೋದಲ್ಲಿ ಸಾಮಾನು ಹೇರಿಕೊಂಡು ಕಮಲಾಪುರ ಮುಟ್ಟಿದರು. ಮಂಟಪದ ನೆಲಕ್ಕೆ ಟೈಲ್ಸು, ಗೋಡೆಗೆ ಟೈಲ್ಸು, ಕಂಬಕ್ಕೂ ಟೈಲ್ಸು. ಇಕ್ಬಾಲ್ ಬೇಗಂ ನಡುವೆ ನಿಂತು ಒಂದು ಚಪ್ಪಾಳೆ ಹೊಡೆದಳು. ಐದು ವಾಪಸ್ ಬಂದವು.

“ಇದು ಮಂಟಪ ಅಲ್ಲ ಜೀ, ಬಚ್ಚಲಮನಿ, ಹಮಾಮ್‌ಖಾನಾ” ಅಂದಳು.

ಹಿಂದಿನ ಗೋಡೆಗೆ ಶಾಮಿಯಾನದ ಪರದೆ ಕಟ್ಟಿ, ನೆಲಕ್ಕೆ ಜಮಖಾನೆ ಹಾಸಿ, ಐದು ಚಪ್ಪಾಳೆಯನ್ನು ಎರಡಕ್ಕೆ ಇಳಿಸಿದರು. ಅಷ್ಟರಲ್ಲಿ ಖಂಡೆಪ್ಪನವರ ಅಳಿಯ ಶಿವಶರಣ ಬಂದ. ಕಾರ್ಯಕ್ರಮಕ್ಕೆ ಹಾರ್ಮೋನಿಯಂ ಅವನದು. ಮಾವನ ಮಂಟಪ ಅನ್ನುವುದೊಂದೇ ಅದಕ್ಕಿದ್ದ ಅರ್ಹತೆ. ತನ್ನ ಪೇಟಿಗೆ ಎರಡು ಮೈಕು ಬೇಕೆಂದ. ಇಕ್ಬಾಲ್ ಬೇಗಂ ಎರಡೂ ಇಟ್ಟಳು. ಅದರಲ್ಲಿ ಒಂದರ ವೈರು ಎಲ್ಲಿಗೂ ಹೋಗಿರಲಿಲ್ಲ.

ಹತ್ತೂವರೆಗೆ ಕರೆಂಟ್ ಹೋಯಿತು. ಹಿತ್ತಲಿನಲ್ಲಿ ಜನರೇಟರ್ ನೋಡಿಕೊಳ್ಳುವ ಲಾಲ್ ಅಹ್ಮದ್ ಅದನ್ನು ಚಾಲೂ ಮಾಡಿದ. ಮಾಡಿದ ರಭಸಕ್ಕೆ ವೋಲ್ಟೇಜ್ ಒಮ್ಮೆ ಜಿಗಿಯಿತು. ಜಹೀರುದ್ದೀನ್ ಹೋದ ವರ್ಷವಷ್ಟೇ ತಂದಿದ್ದ ಡಿಜಿಟಲ್ ಮಿಕ್ಸರಿನ ಪರದೆ ಮಿಣುಕಿ, ಕಪ್ಪಾಗಿ, ಸುಟ್ಟ ವಾಸನೆ ಬಿಟ್ಟಿತು. ಅವನು ಹೆಗಲ ಮೇಲಿನ ಟವೆಲ್ ತೆಗೆದು, ಸತ್ತವರ ಮುಖ ಮುಚ್ಚಿದ ಹಾಗೆ ಮುಚ್ಚಿದ.

“ಆಮ್ಯಾಲೆ ಅಳೂನು” ಅಂದಳು ಹೆಂಡತಿ. “ಹಳೇದು ತಗೊಂಡ್ ಬಾ.”

ಟೆಂಪೋದ ಮೂಲೆಯಲ್ಲಿ ಹಳೆ ಮಿಕ್ಸರ್ ಯಾವಾಗಲೂ ಇರುತ್ತಿತ್ತು. ಅದನ್ನು ತಂದು ಜೋಡಿಸಿದರು. ಕೆಲಸ ಮಾಡಿತು. ಆದರೆ ಅದರ ಜೊತೆ ಪೆಟ್ಟಿಗೆಗಳಿಂದ ‘ಗುಂಯ್’ ಎಂಬ ಒಂದೇ ಸಮನಾದ ಸದ್ದೂ ಬಂತು.

ಈ ಗುಂಯ್ ಸೌಂಡಿನವರಿಗೆ ಕರೆಯದೆ ಬರುವ ಬೀಗರಿದ್ದ ಹಾಗೆ. ಯಾಕೆ ಬಂದರೆಂದು ಹೇಳುವುದಿಲ್ಲ, ಹೊರಡುವ ಮಾತೂ ಎತ್ತುವುದಿಲ್ಲ. ಜಹೀರುದ್ದೀನ್ ವೈರು ಬದಲಿಸಿದ, ಪ್ಲಗ್ ಬದಲಿಸಿದ, ಆಂಪ್ಲಿಫೈಯರ್ ಬದಲಿಸಿದ. ಗುಂಯ್ ಬದಲಾಗಲಿಲ್ಲ. ಕೊನೆಗೆ ಮಂಟಪದ ಅರ್ಥಿಂಗ್ ತಂತಿ ಹಿಡಿದು ಅದು ಹೋದತ್ತ ಹೊರಟ. ಬೋರ್ಡಿನಿಂದ ಗೋಡೆ, ಗೋಡೆಯಿಂದ ಕಿಟಕಿ, ಕಿಟಕಿಯಿಂದ ವರಾಂಡ. ವರಾಂಡದಲ್ಲಿ ಅದು ಒಂದು ಹೂವಿನ ಕುಂಡದೊಳಗೆ ಇಳಿದು ಮುಗಿದಿತ್ತು.

ಖಂಡೆಪ್ಪನವರನ್ನು ಕರೆದು ತೋರಿಸಿದ. ಅವರು ಬಗ್ಗಿ ನೋಡಿ, “ಮಣ್ಣಾಗೇ ಅದ ಅಲ್ಲಾ?” ಅಂದರು.

“ಇದು ಕುಂಡದಾಗಿನ ಮಣ್ಣು ಸಾವ್ಕಾರ್ರ. ಭೂಮಿಗೂ ಇದಕ್ಕೂ ಸಂಬಂಧ ಇಲ್ಲ.”

“ದಿನಾ ನೀರ್ ಹಾಕಸ್ತೀನಲ್ಲ!”

ಜಹೀರುದ್ದೀನ್ ಅಡುಗೆ ಮನೆಯ ಹಿಂದೆ ಒಂದಿಷ್ಟು ಬರೀ ನೆಲ ಹುಡುಕಿ, ಕಬ್ಬಿಣದ ಹಾರೆ ಹೊಡೆದು, ತಂತಿ ಕಟ್ಟಿ, ಎರಡು ಕೊಡ ಉಪ್ಪುನೀರು ಹೊಯ್ದ. ಗುಂಯ್ ಅರ್ಧಕ್ಕೆ ಇಳಿಯಿತು. ಆ ಅರ್ಧ ಮಾತ್ರ ಏನು ಮಾಡಿದರೂ ಹೋಗಲಿಲ್ಲ.

ಮುಖ್ಯ ಅತಿಥಿಗಳಿಗೆ ಅದರಿಂದ ತೊಂದರೆಯೇನೂ ಆಗಲಿಲ್ಲ. ಅವರು ಜೀವನದಲ್ಲಿ ಮೌನದ ಮಹತ್ವ ಕುರಿತು ನಲವತ್ತು ನಿಮಿಷ ಮಾತಾಡಿದರು. ಗುಂಯ್ ಹಿಂದಿನಿಂದ ಸೇರಿ ಅವರ ಮಾತಿಗೆ ತೂಕವೇ ಬಂದಿತ್ತು. ಇಳಿಯುವಾಗ, “ಸೌಂಡ್ ಚಲೋ ಅದ” ಅಂದು ಜಹೀರುದ್ದೀನನ ಬೆನ್ನು ತಟ್ಟಿದರು. ಅವನಿಗೆ ನೆಲ ಬಾಯ್ಬಿಡಬಾರದೇ ಅನಿಸಿತು. ಬೇರೆ ಯಾರ ಮುಂದಾದರೂ ಸರಿ, ನೀಲಗಂಗಮ್ಮನವರ ಮುಂದೆ ಈ ಸದ್ದು ಕೇಳಿಸಬೇಕಲ್ಲ ಎಂದು ಅವನ ಸಂಕಟ. ಸುರ ತಪ್ಪಿದ ಸಹಗಾಯಕನನ್ನು ಹಾಡಿನ ಮಧ್ಯೆಯೇ ಮನೆಗೆ ಕಳಿಸಿದ ಹೆಂಗಸು ಅವರು.

ಅವರು ವೇದಿಕೆ ಹತ್ತಿ ಕೂತರು. ಮೂಗಿನ ಮೇಲೆ ಕನ್ನಡಕ ಸರಿಮಾಡಿಕೊಂಡು ಪೆಟ್ಟಿಗೆಗಳತ್ತ ನೋಡಿದರು.

“ಇಂವ ಯಾರಪಾ, ನನಕಿಂತ ಮೊದಲೇ ಸುರು ಮಾಡ್ಯಾನ?”

ಜನ ನಕ್ಕರು. ಜಹೀರುದ್ದೀನ್ ಕೈಮುಗಿದುಕೊಂಡು ವೇದಿಕೆ ಹತ್ತಿರ ಓಡಿದ. “ತಪ್ಪಾಗ್ಯಾದ ಅವ್ವಾರೆ. ಜನರೇಟರಿಂದು. ಕರೆಂಟ್ ಬರೂತನಾ ಬೇಕಾದ್ರ ಕಾಯೂನ್ರಿ.”

“ಕರೆಂಟ್ ಬರೂತನಾ ನಾ ಇರ್ತೀನೋ ಇಲ್ಲೋ. ತಡಿ.” ಕಣ್ಣು ಮುಚ್ಚಿ ಕೇಳಿದರು. ಮೆಲ್ಲಗೆ ‘ಸಾ’ ಹಚ್ಚಿ ನೋಡಿದರು. ಇನ್ನೊಮ್ಮೆ ಹಚ್ಚಿದರು. ಅವರ ಸಾ ಹೋಗಿ ಗುಂಯ್‌ನ ಮೇಲೆ ಮುಚ್ಚಳ ಕೂತ ಹಾಗೆ ಕೂತಿತು. ಕಣ್ಣು ತೆರೆದು, ಹಿಂದೆ ತಂಬೂರಿ ಹಿಡಿದಿದ್ದ ಶಿಷ್ಯೆಗೆ ಹೇಳಿದರು: “ಇವ್ನಿಗೆ ಹೊಂದಿಸವ್ವಾ. ನನ್ನ ದಿನದ ಶ್ರುತಿಕಿಂತ ಒಂದು ಕೂದಲು ಇಳದಾನ ಅಷ್ಟೇ. ಬೇಸುರ ಅಂತೂ ಅಲ್ಲ. ನನ್ನ ಅರ್ಧ ಶಿಷ್ಯರಿಗಿಂತ ಬರೋಬ್ಬರಿ ಅದಾನ.”

ತಂಬೂರಿ ಜನರೇಟರಿಗೆ ಹೊಂದಿತು. ತಬಲಾದವನು ಸುತ್ತಿಗೆ ತೆಗೆದು ಬಡಿಬಡಿದು ಹೊಂದಿಸಿಕೊಂಡ. ಹಾರ್ಮೋನಿಯಮ್ಮಿಗೆ ಮಾತ್ರ ಹೊಂದಲು ಆಗಲಿಲ್ಲ. ಅದರ ಸುರಗಳು ಬೆರಳಿನಿಂದ ಒತ್ತುವ ಮನೆಗಳಿಗೆ ಕಟ್ಟುಬಿದ್ದವು. ಗುಂಯ್ ಒಂದು ಬಿಳಿ ಮನೆಗೂ ಅದರ ಪಕ್ಕದ ಕರಿ ಮನೆಗೂ ನಡುವಿನ ಸಂದಿಯಲ್ಲಿತ್ತು. ಶಿವಶರಣ ಎರಡನ್ನೂ ಒತ್ತಿ ನೋಡಿದ. ಎರಡು ಬೆಕ್ಕು ಜಗಳಾಡಿದ ಹಾಗಾಯಿತು.

“ತಮ್ಮಾ” ಅಂದರು ನೀಲಗಂಗಮ್ಮ, ಬಹಳ ಅಕ್ಕರೆಯಿಂದ. “ಅಡಗಿ ಆಗ್ಯಾದೇನ್ ನೋಡ್ಕೊಂಡ್ ಬಾ.”

ಸಾರಂಗ ರಾಗ ಸುರುವಾಯಿತು. ಇಕ್ಬಾಲ್ ಬೇಗಂ ಅಲ್ಲಿಯತನಕ ಗುಂಯ್‌ನ ಕತ್ತು ಹಿಸುಕಲು ನೋಡುತ್ತಿದ್ದವಳು, ಈಗ ಅದನ್ನು ತಂಬೂರಿಯ ಮಟ್ಟಕ್ಕೆ ತಂದು ನಿಲ್ಲಿಸಿದಳು. ಎಕೋ ಪೂರ್ತಿ ಮುಚ್ಚಿದಳು. ಟೈಲ್ಸು ಪುಕ್ಕಟೆ ಕೊಡುತ್ತಿದ್ದುದೇ ಸಾಕಿತ್ತು.

ಹತ್ತು ನಿಮಿಷ ಎಲ್ಲ ಸರಿ ನಡೆಯಿತು. ನೀಲಗಂಗಮ್ಮನವರು ಮೇಲಿನ ಸಾ ಮುಟ್ಟಿ, ಕೈಯೆತ್ತಿ, ಜನ ಉಸಿರು ಹಿಡಿದಿದ್ದಾಗ ಗುಂಯ್ ತಟ್ಟನೆ ಕುಸಿಯಿತು. ಅವರು ಅದರ ಹಿಂದೆಯೇ ಮೀಂಡಿನಲ್ಲಿ ಜಾರಿಕೊಂಡು ಇಳಿದರು. ಮುಂದಿನ ಸಾಲಿನವರು ಇದೇನೋ ಅಪರೂಪದ ಹರಕತ್ತಿನ ಕುಸುರಿ ಎಂದು “ವಾಹ್ವಾ!” ಅಂದರು.

“ವಾಹ್ವಾ ಅಲ್ಲೋ!” ಮೈಕಿನಲ್ಲೇ ಗದರಿದರು. “ನನ್ನ ಸಾ ಇಳಿಸಿದಾಂವ ಯಾಂವ, ಅಂವನ್ನ ಹಿಡೀರಿ!”

ಜಹೀರುದ್ದೀನನಿಗೆ ತಕ್ಷಣ ಹೊಳೆಯಿತು. ಜನರೇಟರಿನ ಮೇಲೆ ಯಾರೋ ಭಾರ ಹಾಕಿದ್ದಾರೆ, ಎಂಜಿನ್ ನಿಧಾನವಾಗಿದೆ, ಅದರ ಜೊತೆ ಸುರವೂ ಇಳಿದಿದೆ. ಅಡುಗೆ ಮನೆಗೆ ಓಡಿದ. ಅಲ್ಲಿ ಭಟ್ಟರು ದೊಡ್ಡ ಗ್ರೈಂಡರಿನಲ್ಲಿ ಶೇಂಗಾ ಚಟ್ನಿ ರುಬ್ಬಿಸುತ್ತಿದ್ದರು. ಪಕ್ಕದಲ್ಲಿ ಶಿವಶರಣ ಮುಖ ಊದಿಸಿಕೊಂಡು ಜಿಲೇಬಿ ತಿನ್ನುತ್ತಿದ್ದ. ಗ್ರೈಂಡರಿನ ಸ್ವಿಚ್ ಹಾಕಿದವನು ತಾನೇ ಎಂದು ಅವನ ಕಣ್ಣೇ ಹೇಳುತ್ತಿತ್ತು.

“ಬಂದ್ ಮಾಡ್ರಿ!”

“ಚಟ್ನಿ?”

“ಕಲ್ಲಾಗ ಅರೀರಿ! ಇಲ್ಲಂದ್ರ ಬ್ಯಾಡೇ ಬ್ಯಾಡ. ಒಂದು ತಾಸು ಈ ಕಟ್ಟಡದಾಗ ಯಾರೂ ಸ್ವಿಚ್ ಮುಟ್ಟಬಾರದು.”

ಗ್ರೈಂಡರ್ ನಿಂತಿತು, ಸಾ ಏರಿತು, ಹಾಡು ಮತ್ತೆ ಹತ್ತಿತು. ಜಹೀರುದ್ದೀನ್ ಹಿತ್ತಲಿಗೆ ಹೋಗಿ ಸ್ವಿಚ್ ಬೋರ್ಡಿಗೆ ಬೆನ್ನು ಕೊಟ್ಟು ನಿಂತ. ಗೋಡೆಯಾಚೆಯಿಂದ ಧ್ವನಿ ಬರುತ್ತಿತ್ತು. ಬಲಗಿವಿ ಗೋಡೆಗೆ ಹಚ್ಚಿದ. ಗುಂಯ್ ಎಲ್ಲಿ ಮುಗಿಯುತ್ತದೆ, ಅವ್ವಾರ ದನಿ ಎಲ್ಲಿ ಸುರುವಾಗುತ್ತದೆ ಅನ್ನುವುದು ತಿಳಿಯಲಿಲ್ಲ. ಮೂವತ್ತು ವರ್ಷ ಈ ಸದ್ದನ್ನು ಬಚ್ಚಿಡಲು ಪಟ್ಟ ಪಾಡೆಲ್ಲ ನೆನಪಾಗಿ ಅವನಿಗೆ ನಗು ಬಂತು. ನಗುತ್ತ ನಗುತ್ತ ತೋಳಿನಿಂದ ಕಣ್ಣೊರೆಸಿಕೊಂಡ. ಲಾಲ್ ಅಹ್ಮದ್ ನೋಡಿ, “ಹೊಗಿ ಬಡಿತೇನ್ ಚಾಚಾ?” ಅಂತ ಕೇಳಿದ.

“ಹೂಂ” ಅಂದ ಜಹೀರುದ್ದೀನ್.

ಕರೆಂಟ್ ಬಂದದ್ದು ಆಗಲೇ. ಓಣಿಯ ಹುಡುಗರು ಹೋ ಎಂದು ಕೂಗಿದರು. ಲಾಲ್ ಅಹ್ಮದ್ ಅಭ್ಯಾಸಬಲದಿಂದ ಜನರೇಟರಿನಿಂದ ಲೈನಿಗೆ ಬದಲಿಸುವ ಹಿಡಿಕೆ ತಿರುಗಿಸಲು ಕೈಚಾಚಿದ. ಜಹೀರುದ್ದೀನ್ ಆ ಕೈ ಹಿಡಿದ.

“ನಕ್ಕೋ ಬೇಟಾ, ಬ್ಯಾಡ. ಆ ಕರೆಂಟಿನ ಸುರ ಬ್ಯಾರೆ ಅದ.”

ಖಂಡೆಪ್ಪನವರು ಬೆವರಿನಲ್ಲಿ ತೊಯ್ದು ಧಾವಿಸಿ ಬಂದರು. ಜನರೇಟರಿಗೆ ಭಾರವಾಗುತ್ತದೆಂದು ಮಂಟಪದ ಫ್ಯಾನುಗಳನ್ನೆಲ್ಲ ಮೊದಲೇ ಆರಿಸಿದ್ದರು.

“ಕರೆಂಟ್ ಬಂದದ! ಫ್ಯಾನ್ ಹಾಕ್ಸೋ! ಅತಿಥಿ ಸಾಹೇಬ್ರು ಬೆವತು ನೀರಾಗ್ಯಾರ!”

“ಹಾಡು ಮುಗೀಲಿ ಸಾವ್ಕಾರ್ರ.”

“ಯಾರ ಮಂಟಪ ಇದು?”

“ನಿಮ್ಮದೇ ರೀ.”

“ಮತ್ತ?”

ಸಾಹುಕಾರರಿಗೆ ‘ಇಲ್ಲ’ ಅಂದು ಜಹೀರುದ್ದೀನನಿಗೆ ರೂಢಿಯಿರಲಿಲ್ಲ. ಅವನು ತಿರುಗಿ, ಎಡಗಿವಿ ಅವರ ಕಡೆ ಬರುವ ಹಾಗೆ ನಿಂತುಕೊಂಡ. ಖಂಡೆಪ್ಪನವರು ಬಹಳ ಹೊತ್ತು ಬೈದರು. ಅವನು ನಗುಮುಖದಿಂದ ತಲೆಯಾಡಿಸುತ್ತ ಇದ್ದ. ಕೊನೆಗೆ ಅವರಿಗೂ ದಣಿವಾಗಿ ಮೆಟ್ಟಿಲ ಮೇಲೆ ಕೂತರು. ಕೂತ ಮೇಲೆ ಹಾಡು ಕಿವಿಗೆ ಬಿತ್ತು. ಸ್ವಲ್ಪ ಹೊತ್ತಿಗೆ ಅವರ ಬೆರಳು ಮೊಣಕಾಲ ಮೇಲೆ ತಾಳ ಹಾಕತೊಡಗಿತು, ತಪ್ಪು ತಪ್ಪಾಗಿ.

ನೀಲಗಂಗಮ್ಮನವರು ಇನ್ನೂ ಇಪ್ಪತ್ತು ನಿಮಿಷ ಹಾಡಿದರು. ಮುಖ್ಯ ಅತಿಥಿಗಳು ಸೆಕೆ ತಾಳದೆ ನಡುವೆಯೇ ಎದ್ದು ಹೋದರು, ಅವರ ಹಿಂದೆ ಎರಡು ಸಾಲು ಖಾಲಿಯಾಯಿತು. ಉಳಿದವರು ಆಮಂತ್ರಣ ಪತ್ರಿಕೆಯಿಂದ ಗಾಳಿ ಹಾಕಿಕೊಳ್ಳುತ್ತ ಕೂತೇ ಕೇಳಿದರು. ಮುಗಿದಾಗ ಲಾಲ್ ಅಹ್ಮದ್ ಜನರೇಟರ್ ಆರಿಸಿದ. ಗುಂಯ್ ನಿಂತದ್ದೇ ಮಂಟಪಕ್ಕೆ ಮಂಟಪವೇ ಬರಿದಾದ ಹಾಗೆ ಆಗಿ, ಜನಕ್ಕೆ ಚಪ್ಪಾಳೆ ಹೊಡೆಯಬೇಕೆಂದು ನೆನಪಾಗಲು ತುಸು ಹೊತ್ತು ಹಿಡಿಯಿತು.

ಊಟಕ್ಕೆ ಕೂತಾಗ ಖಂಡೆಪ್ಪನವರು ಬಂದು, “ಚಲೋ ಆತು ಭಾಯಿ. ಆದ್ರ ಎದಿ ನಡಗಲಿಲ್ಲ” ಅಂದು ಹೋದರು.

ನೀಲಗಂಗಮ್ಮನವರು ಕೈತೊಳೆದುಕೊಂಡು ಬಂದು ಜಹೀರುದ್ದೀನನನ್ನು ಕೇಳಿದರು: “ಆ ಗುಂಯ್ ನನ್ನ ದನಿ ಕೆಳಗ ಇಟ್ಟು ಕೂಡಿಸಿದ ಕೈ ನಿಂದೇನು?”

“ನಂದಲ್ರಿ ಅವ್ವಾರೆ. ಇಕಿದು.”

ಅವರು ಬುರ್ಖಾದ ಹೆಂಗಸನ್ನು ಮೇಲಿಂದ ಕೆಳಗೆ ನೋಡಿ, ಪಕ್ಕದ ಕುರ್ಚಿ ಎಳೆದುಕೊಂಡು ಕೂತರು. “ಮುಂದಿನ ತಿಂಗಳು ಬೀದರದಾಗ ಹಾಡೂದದ. ನೀ ಬರ್ತಿ ಏನವ್ವಾ? ಗಂಡನ್ನ ಕರಕೊಂಡು ಬರೂದು ಬಿಡೂದು ನಿನಗ ಬಿಟ್ಟಿದ್ದು.”

ಇಕ್ಬಾಲ್ ಬೇಗಂ ರೊಟ್ಟಿ ಮುರಿಯುತ್ತ ಗಂಡನ ಕಡೆ ನೋಡಿದಳು. ಅವನು ಪಾಪ, ಬಾಯಲ್ಲಿ ತುತ್ತಿಟ್ಟುಕೊಂಡು ತೀರ್ಪಿಗೆ ಕಾಯುತ್ತಿದ್ದ.

“ಬರ್ತೀವ್ರಿ ಅವ್ವಾರೆ” ಅಂದಳು. “ಪೆಟಗಿ ಭಾಳ ವಜ್ಜ ಅವ, ಹೊರ್ಲಾಕ ಬೇಕಲ್ಲ.”