ಐದನೇ ಗೆರೆ

ತೋಳಿನ ಮೇಲಿನ ಬಟ್ಟೆಯಲ್ಲಿ ತಾರಸಿಯ ಬಿಸಿಲು ಇನ್ನೂ ಬೆಚ್ಚಗಿದೆ, ಅವರ ಅಂಗಿ, ಎರಡು ಹಾಸು, ಅಂಗಿಯ ಚುಂಗಿಗೆ ಒಂದು ಕ್ಲಿಪ್ಪು ಕಚ್ಚಿಕೊಂಡೇ ಬಂದಿದೆ, ಅದನ್ನು ತೆಗೆಯಬೇಕು, ತೆಗೆಯುವುದಿಲ್ಲ, ಕೊನೆಯ ಮೆಟ್ಟಿಲಲ್ಲೇ ನಿಂತುಬಿಟ್ಟಿದ್ದಾಳೆ, ಅರ್ಧ ತೆರೆದ ಬಾಗಿಲಿನಾಚೆ ಮಗಳು ಅಪ್ಪನ ಮಂಚದ ಮೇಲೆ ಬಾಗಿದ್ದಾಳೆ, ಕೈಯಲ್ಲಿ ಸೂಜಿಯಿಲ್ಲದ ಸಿರಿಂಜು, ನೋವಿನ ಔಷಧ, ಆದರೆ ಎರಡು ಗಂಟೆಯ ಔಷಧ ತಾನೇ ಕೊಟ್ಟು ಮೇಲೆ ಹೋದದ್ದಲ್ಲವೇ, ಹತ್ತು ನಿಮಿಷವೂ ಆಗಿಲ್ಲ — ಬೇಗ ಮಗಳೇ, ಅವಳು ಇಳಿದು ಬಂದುಬಿಟ್ಟಾಳು, ಇದು ಅವರ ದನಿ, ತನ್ನ ಗಂಡನ ದನಿ, ಮತ್ತೆ ಅವರ ಬಾಯಿ, ಸಿರಿಂಜು ಗೇಣು ದೂರ ಇರುವಾಗಲೇ ತಾನಾಗಿ ತೆರೆದುಕೊಂಡ ಬಾಯಿ, ಗೂಡಿನ ಮರಿಯ ಹಾಗೆ.

ಸಿರಿಂಜಿನ ಐದನೇ ಗೆರೆಯವರೆಗೆ, ನಾಲ್ಕು ಗಂಟೆಗೊಮ್ಮೆ, ಎಂದಿದ್ದರು ಡಾಕ್ಟರು, ಇನ್ನು ವಾಸಿ ಮಾಡೋ ಔಷಧ ಇಲ್ಲಮ್ಮ, ನೋವಾಗದ ಹಾಗೆ ನೋಡ್ಕೊಳ್ಳೋಣ, ಮನೇಲಿ ನಿಮ್ಮ ನಡುವೆ ಇರಲಿ. ಮನೆಗೆ ಕರೆತಂದ ಮೊದಲ ದಿನ ಐದೂ ಗೆರೆ ಕೊಟ್ಟಳು, ಅವರು ಬೆಳಗಿನಿಂದ ಸಂಜೆಯವರೆಗೆ ಕೊರಡಿನ ಹಾಗೆ ಮಲಗಿದರು, ರೀ ಎಂದರೆ ಓ ಇಲ್ಲ, ಹೀಗೇ ಹೋಗಿಬಿಡುತ್ತಾರೆ, ನಾಲಗೆಯ ಮೇಲೆ ದೇವರ ಹೆಸರಿಲ್ಲದೆ, ನನಗೊಂದು ಮಾತು ಹೇಳದೆ, ಎಂದು ಎದೆ ಝಲ್ಲೆಂದಿತು, ಮಾರನೆಯ ದಿನ ಎರಡೂವರೆ ಗೆರೆಗೆ ನಿಲ್ಲಿಸಿದಳು, ಪೂರ್ತಿ ಕೊಟ್ಟಿದ್ದೇನೆ ರೀ ಎಂದಳು, ಅವರು ಸಾಕು ಎಂದರು, ಮತ್ತೆ ಆ ದಿನ, ಅದೊಂದೇ ದಿನ, ಎಚ್ಚರವಾಗಿದ್ದರು! ಮಂಚದ ಅಂಚು ಹಿಡಿದು ಬೆರಳು ಬೆಳ್ಳಗಾಗಿದ್ದರೂ ಅವಳ ಜೊತೆ ಪ್ರಾರ್ಥನೆ ಹೇಳಿದರು, ಲೇ ಕತ್ತರಿ, ನಾಲಗೆಗೆ ಇವತ್ತೂ ಸಾಣೆ ಹಿಡಿಸಿದ್ದೀಯಾ, ಎಂದು ತಮಾಷೆ ಮಾಡಿದರು. ಮರುದಿನದಿಂದ ಅರ್ಧಕ್ಕೂ ಅದೇ ನಿದ್ದೆ. ರೋಗ ಏರಿತು ಎಂದುಕೊಂಡಳು, ದೇವರ ಮುಂದೆ ಅತ್ತಳು. ವಾರಕ್ಕೆರಡು ಸಲ ಬರುವ ನರ್ಸು ಬಾಟಲಿಯನ್ನು ಬೆಳಕಿಗೆ ಹಿಡಿದಾಗ ಕದ್ದ ಬೆಕ್ಕಿನ ಹಾಗೆ ಮುದುಡಿ ನಿಂತಿದ್ದಳು, ಪರವಾಗಿಲ್ಲಮ್ಮ, ಸರಿಯಾಗಿ ಖಾಲಿಯಾಗ್ತಿದೆ, ಅಂದಳು ಆ ಹುಡುಗಿ, ಅರ್ಧ ಉಳಿಯಬೇಕಿದ್ದದ್ದು ಹೇಗೆ ಖಾಲಿಯಾಯಿತು ಎಂದು ತಾನು ಕೇಳಿಕೊಳ್ಳದೆ, ದೇವರೇ ನನ್ನ ಮಾನ ಕಾದೆಯಪ್ಪಾ ಎಂದು ಕೈ ಮುಗಿದಳು, ಪೆದ್ದಿ, ದೇವರಿಗೆ ಬೇರೆ ಕೆಲಸವಿರಲಿಲ್ಲವೇ — ಆ ಬಾಯಿ, ತಾನಾಗಿ ತೆರೆದುಕೊಂಡ ಬಾಯಿ.

ಅಮ್ಮಾ, ಎಂದು ಮಗಳು ಹೊರಗೆ ಬಂದು ಬಾಗಿಲೆಳೆದಳು. ಎಷ್ಟು ದಿನದಿಂದ ನಡೀತಿದೆ ಇದು? ಹತ್ತು ದಿನ. ಯಾರು ಹೇಳಿಕೊಟ್ಟದ್ದು? ಅಪ್ಪನೇ, ನೀನು ಅರ್ಧ ಕೊಡ್ತಿದ್ದೀಯ ಅಂತ ಮೊದಲ ಗುಟುಕಿಗೇ ಗೊತ್ತಾಯ್ತಂತೆ, ದರ್ಜಿ ಹತ್ರ ಅಳತೆ ತಪ್ಸೋಕೆ ಹೊರಟಿದ್ದಾಳೆ ನೋಡು ನಿಮ್ಮಮ್ಮ ಅಂತ ನಕ್ಕರು, ಆಮೇಲೆ ನೋವು ತಡೆಯೋಕಾಗಲ್ಲ ಮಗಳೇ ಅಂತ ಅತ್ತರು. ನನ್ನನ್ನು ಕೇಳಬಹುದಿತ್ತಲ್ಲ! ಕೇಳಿದ್ರೆ ಅವಳಿಗೆ ಬೇಜಾರಾಗುತ್ತೆ, ಅವಳ ಪಾಲಿನದು ಅವಳು ಕೊಡಲಿ, ಉಳಿದದ್ದು ನೀನು ಕೊಡು ಅಂದ್ರು. ಅವಳ ಪಾಲಿನದು. ನಲವತ್ತನಾಲ್ಕು ವರ್ಷ ಅವರ ಹೊಲಿಗೆ ಮಿಷನ್ನಿನ ಪಕ್ಕ ಕೂತು ಗುಂಡಿ ಹಚ್ಚಿದ್ದಾಳೆ, ಕಾಜಾ ಕಟ್ಟಿದ್ದಾಳೆ, ಅವರು ಮದುವೆಯ ಕೋಟನ್ನು ಗಿಡ್ಡ ಕತ್ತರಿಸಿ ಕೂತಾಗ ಗಿರಾಕಿಯ ಮುಂದೆ ಇಲಿ ಕಡಿಯಿತು ಎಂದು ಸುಳ್ಳು ಹೇಳಿದವಳು ಅವಳು, ಅವರಲ್ಲ, ಈಗ ಆ ಮನುಷ್ಯನಿಗೆ ಅವಳಿಂದಲೇ ಮುಚ್ಚುಮರೆ, ಅವಳು ಸ್ನಾನಕ್ಕೆ ಹೋದಾಗ, ತಾರಸಿಗೆ ಹೋದಾಗ, ಮತ್ತೆ, ಅಯ್ಯೋ, ಪ್ರಾರ್ಥನೆಗೆ ಕೂತಾಗ, ಇವರನ್ನು ಎಚ್ಚರವಾಗಿಡು ತಂದೆ ಎಂದು ತಾನು ಕಣ್ಣು ಮುಚ್ಚಿದ ಆ ಕಾಲು ಗಂಟೆಯೇ ಅವರಿಬ್ಬರಿಗೆ ಅನುಕೂಲವಾಗಿತ್ತು. ನೀನೂ ಸುಳ್ಳು ಹೇಳಿದೆಯಲ್ಲಮ್ಮ, ಅಂದಳು ಮಗಳು ಮೆಲ್ಲಗೆ. ಹೇಳಿದೆ, ಆದರೆ ಅದು ಬೇರೆ, ಅದು ಅವರ ಆತ್ಮಕ್ಕಾಗಿ — ಬೇರೆಯೇ? ಎಂದಿತು ಅವಳದೇ ಮನಸ್ಸು, ಬೆಳ್ಳಗಾದ ಆ ಬೆರಳುಗಳನ್ನು ಕಂಡೂ ಸುಮ್ಮನಿದ್ದೆಯಲ್ಲ, ಅವರಿಗೆ ಎಚ್ಚರ ಬೇಕಿತ್ತೋ, ನಿನಗೆ ಮಾತು ಬೇಕಿತ್ತೋ — ಇರಲಿ, ತಪ್ಪು ನನ್ನದೇ ಇರಲಿ, ಬೈಯಬಹುದಿತ್ತು, ಏನೇ ಮಾಡ್ತಿದ್ದೀಯ ಎಂದು ಒಂದು ಸಲ ಗದರಬಹುದಿತ್ತು, ಗಂಡ ಹೆಂಡತಿಯನ್ನು ಗದರುತ್ತಾನೆ, ಸಾಕು ಸಾಕು ಎಂದು ನಗುವುದು ಗಿರಾಕಿಯ ಹತ್ತಿರ.

ಆರು ಗಂಟೆಗೆ ಮಗಳಿಗಿಂತ ಮೊದಲೇ ಸಿರಿಂಜು ತೆಗೆದುಕೊಂಡಳು. ಐದನೇ ಗೆರೆಯವರೆಗೆ ಎಳೆದಳು, ಗುಳ್ಳೆ ಹೋಗಲೆಂದು ಉಗುರಿನಿಂದ ತಟ್ಟಿದಳು. ರೀ. ಅವರು ಕಣ್ಣು ಬಿಡಲಿಲ್ಲ. ಪೂರ್ತಿ ಇದೆ ರೀ, ನಿಜವಾಗಿಯೂ ಐದು, ನಿಮ್ಮಾಣೆ. ತುಟಿ ಬಿಚ್ಚಿತು, ಸ್ವಲ್ಪವೇ, ಸೂಜಿಗೆ ನೂಲು ಪೋಣಿಸುವಷ್ಟು. ಒತ್ತಿದಳು, ಅವರು ನುಂಗಿದರು, ಇನ್ನೊಂದು ಗುಟುಕು, ಮತ್ತೆ ಸರಿಯಾಗಿ ಎರಡೂವರೆ ಗೆರೆಗೆ ತುಟಿ ಮುಚ್ಚಿಕೊಂಡಿತು, ಸಾಕು ಎಂದರು. ಇನ್ನೂ ಇದೆ ರೀ, ಬಾಯಿ ತೆಗೀರಿ, ನನಗೆಲ್ಲ ಗೊತ್ತಾಗಿದೆ. ಸಾಕು, ಪೂರ್ತಿ ಕೊಟ್ಟೆಯಲ್ಲ, ನೀನು ಹೋಗಿ ಪ್ರಾರ್ಥನೆಗೆ ಕೂತ್ಕೋ, ಎಂದು ಮುಖ ಗೋಡೆಗೆ ತಿರುಗಿಸಿದರು. ಉಳಿದರ್ಧವನ್ನು ಹಿಡಿದು ಅವಳು ನಿಂತೇ ಇದ್ದಾಳೆ, ತುಟಿಯ ಅಂಚಿನಲ್ಲಿ ಒಂದು ಹನಿ ಹೊಳೆಯುತ್ತಿದೆ, ಪಡಸಾಲೆಯಲ್ಲಿ ಮಗಳ ಚಪ್ಪಲಿಯ ಸದ್ದು, ಹತ್ತಿರ, ಇನ್ನೂ ಹತ್ತಿರ, ಗೋಡೆಯ ಕಡೆಗಿದ್ದ ಮುಖ ಹೊರಳಿತು, ಅವಳನ್ನು ದಾಟಿ, ಬಾಗಿಲ ಕಡೆಗೆ, ಕಣ್ಣು ಮುಚ್ಚಿಯೇ ಇದೆ, ಬಾಯಿ, ತಾನಾಗಿ, ತೆರೆದುಕೊಂಡ ಬಾಯಿ —