ತುಂಗವ್ವ ಯಾ ಮನಿಗಿ ಹೋದಳು?

ಪಠ್ಯಕ್ಕೆ ಇಟ್ಟ ಕಾದಂಬರಿಯನ್ನು ಓದಬೇಕೆಂಬ ಆಸೆ ನನಗೆ ಎಂದೂ ಇರಲಿಲ್ಲ. ಜಹೀರಾಬಾದಿನ ನಮ್ಮ ಕಾಲೇಜಿನಲ್ಲಿ ಸೆಕೆಂಡ್ ಲ್ಯಾಂಗ್ವೇಜ್ ಕನ್ನಡ ತಗೊಂಡವರು ಒಂದು ಆಟೋದಲ್ಲಿ ಹಿಡಿಸುವಷ್ಟು ಮಂದಿ. ಉಳಿದವರೆಲ್ಲ ಮಾರ್ಕ್ಸ್ ಸುರಿಯುತ್ತವೆಂದು ಸಂಸ್ಕೃತದ ಬೆನ್ನು ಹತ್ತಿದ್ದರು. ನಮ್ಮ ಪಾಲಿಗೆ ಉಪವಾಚಕವೆಂದು ಬಂದದ್ದು ಮೈಸೂರು ಸೀಮೆಯ ಒಂದು ಹಳೇ ಕಾದಂಬರಿ. ಉಪವಾಚಕ ಅಂದರೆ ಓದುವವನಿಗೆ ಉಪವಾಸ ಎಂದು ಮೊದಲನೇ ದಿನವೇ ಸಾರಿ, ಬೀದರಿಗೆ ಹೋಗಿ ಗೈಡ್ ತಂದುಬಿಟ್ಟಿದ್ದೆ. ಗೈಡೇ ನಮಗೆ ಗಾಡ್. ಅದರಲ್ಲಿ ಇಡೀ ಕಾದಂಬರಿ ಅರ್ಧ ಪುಟದಲ್ಲಿ ಮಲಗಿತ್ತು: ‘ತುಂಗಮ್ಮನ ಜನನ, ವಿವಾಹ, ಅತ್ತೆಮನೆಯ ಅನಾದರ, ಕೊನೆಗೆ ಬಾವಿಗೆ ಹಾರಿ ಪ್ರಾಣತ್ಯಾಗ.’ ಹುಟ್ಟು, ಮದುವೆ, ಮುಳುಗು. ಪರೀಕ್ಷೆಗೆ ಇನ್ನೇನು ಬೇಕು?

ಕೆಲಸ ಕೆಡಿಸಿದವರು ಕನ್ನಡದ ಬಸವಕಿರಣ ಸರ್. ಒಬ್ಬೊಬ್ಬರು ಒಂದೊಂದು ಅಧ್ಯಾಯ ಕ್ಲಾಸಿನಲ್ಲಿ ಗಟ್ಟಿಯಾಗಿ ಓದಬೇಕೆಂದರು. ನನಗೆ ಬಂದದ್ದು ಮೊದಲನೆಯದು. ಮಂದಿಯ ದನಿ ತೆಗೆಯುವುದು ನನಗೆ ಹುಟ್ಟಾ ಬಂದ ಚಟ. ಹಾಗಾಗಿ ಬರೀ ಓದುವುದೇಕೆ, ಯಾರದಾದರೂ ದನಿಯಲ್ಲಿ ಓದೋಣ ಎನಿಸಿತು. ರಾಯಿಕೋಡ್ ಹತ್ತಿರದ ನಮ್ಮೂರಿನ ಮಠದಲ್ಲಿ ಪ್ರತಿ ಶ್ರಾವಣಕ್ಕೆ ಪುರಾಣ ಹೇಳುವ ಶಾಸ್ತ್ರಿಗಳು ಆ ವರ್ಷ ನಾರಾಯಣಖೇಡದವರಿಗೆ ಒಪ್ಪಿಕೊಂಡು ನಮಗೆ ಕೈ ಕೊಟ್ಟಿದ್ದರು. ಅವರ ಮೂಗಿನ ದನಿ ನನಗೆ ಬಾಯಿಪಾಠ. ಶ್ರಾವಣದ ಮೊದಲ ಸೋಮವಾರ ಸಂಜೆ ಪಡಸಾಲೆಯಲ್ಲಿ ಕುಂತು, ಪ್ರತಿ ವಾಕ್ಯದ ಬಾಲ ಎಳೆಯುತ್ತ, ನಡುನಡುವೆ ‘ಹರಹರಾ’ ಹಾಕುತ್ತ ಶುರುಮಾಡಿದೆ.

ತುಂಗಮ್ಮ ಇನ್ನೂ ಹುಟ್ಟಿರಲಿಲ್ಲ. ನನ್ನ ಅಜ್ಜಿ ಸುಗಲಾಬಾಯಿ ಗೋಡೆ ಹಿಡಕೊಂಡು ಬಂದು, ಪುಸ್ತಕದ ಮುಂದೆ ದೀಪ ಇಟ್ಟು, ವಿಭೂತಿ ಹಚ್ಚಿ, ಒಂದು ತೆಂಗಿನಕಾಯಿ ಕೂಡಿಸಿಬಿಟ್ಟಳು. ಅವಳ ಕಣ್ಣಿಗೆ ಪೊರೆ ಬಂದಿತ್ತು, ಕಿವಿ ಮಾತ್ರ ಖಡಕ್.

“ಅಜ್ಜಿ, ಇದು ಪುರಾಣ ಅಲ್ಲ, ಕಾಲೇಜಿನ ಬುಕ್ಕು.”

“ದನಿ ಪುರಾಣದ್ದೇ ಅದ. ಸುಮ್ಮ ಓದು.”

“ನಾ ಪಾಸ್ ಆಗಾಕ ಓದಾಕತ್ತೀನಿ, ಬೇ.”

“ಪಾಸಿಗಿ ಓದು, ಮುಕ್ತಿಗಿ ಓದು. ಶ್ರಾವಣದಾಗ ದೀಪದ ಮುಂದ ತೆಗೆದ ಹೊತ್ತಿಗಿ ಮಂಗಲ ಆಗತನಕ ಮುಚ್ಚಬಾರದು.”

ಇದು ನಮ್ಮ ಕಡೆಯ ಕಾನೂನು. ಪುರಾಣ ನಡುವೆ ಬಿಡುವಂತಿಲ್ಲ. ಸಾವು-ನೋವು ಬಂದಲ್ಲಿ ಆ ದಿನದ ಓದು ನಿಲ್ಲಿಸುವಂತಿಲ್ಲ, ಒಂದು ಒಳ್ಳೆಯ ಮಾತು ಬರುವ ತನಕ ಎಳೆಯಬೇಕು. ಎಲ್ಲ ಸುಸೂತ್ರ ಮುಗಿದ ಮೇಲೆ ಕಾಯಿ ಒಡೆದು ಮಂಗಲ. ಮರುದಿನ ಸಂಜೆ ಓಣಿಯ ಹೆಣ್ಣುಮಕ್ಕಳು ಚಾಪೆ ಸಮೇತ ಬಂದು ಕುಂತಾಗ, ಅಣಕ ಮಾಡಲು ಹೋದವನು ನಾನೇ ಶಾಸ್ತ್ರಿಯಾಗಿ ಸಿಕ್ಕಿಬಿದ್ದೆ ಎಂದು ಗೊತ್ತಾಯಿತು.

ಮೈಸೂರು ಕನ್ನಡ ನಮ್ಮವರಿಗೆ ಅರ್ಧ ತಿಳಿಯದು, ಇನ್ನರ್ಧ ತಪ್ಪು ತಿಳಿಯುತ್ತದೆ. ‘ತುಂಗಮ್ಮನ ತಾಯಿ ಹಜಾರದಲ್ಲಿ ಒಬ್ಬಳೇ ಕುಳಿತಿದ್ದಳು’ ಎಂದು ಓದಿದರೆ, ಎದುರು ಮನೆಯ ಲಚ್ಚಮ್ಮ ಕೈ ಅಡ್ಡ ಹಾಕಿದಳು.

“ತಡಿ ತಡಿ. ಹಜಾರ್ ಮಂದ್ಯಾಗ ಒಬ್ಬಾಕಿ ಹ್ಯಾಂಗ ಕುಂತಾಳು?”

“ಹಜಾರ ಅಂದ್ರ ಪಡಸಾಲಿ, ಚಿಕ್ಕಮ್ಮ.”

“ಹಂಗಾರ ಪಡಸಾಲಿ ಅನಾಕ ಅವರಿಗೇನು ಬ್ಯಾನಿ?”

ತುಂಗಮ್ಮ ಹುಟ್ಟಿದ ದಿನ ಶರಣರ ಪುರಾಣದಲ್ಲಿ ಮಾಡುವಂತೆಯೇ ಜಂತಿಗೆ ಸೀರೆ ಕಟ್ಟಿ, ಒಳಗೆ ಗುಂಡುಕಲ್ಲು ಮಲಗಿಸಿ, ತೊಟ್ಟಿಲು ತೂಗಿದರು. ಮದುವೆಯ ಅಧ್ಯಾಯಕ್ಕೆ ಅಕ್ಕಿಕಾಳು ಬಿದ್ದವು, ಅರ್ಧ ನನ್ನ ತಲೆಯ ಮೇಲೆ. ನಾನು ಒಳಗೊಳಗೇ ನಗುತ್ತಿದ್ದೆ. ತುಂಗಮ್ಮ ಗಂಡನ ಮನೆ ಹೊಕ್ಕ ಮೇಲೆ ನನ್ನ ನಗೆ ಉಳಿಯಲಿಲ್ಲ. ಆ ಮನೆಯಲ್ಲಿ ಅವಳನ್ನು ಹೊಡೆಯುವವರಿಲ್ಲ, ಬೈಯುವವರಿಲ್ಲ. ಬಡಿಸಿದ್ದನ್ನು ಉಂಡು ಎದ್ದು ಹೋಗುತ್ತಾರೆ. ಅವಳು ಬಂದರೆ ಮಾತು ನಿಲ್ಲುತ್ತದೆ. ಗೈಡಿನವನು ಇದಕ್ಕೆಲ್ಲ ‘ಅನಾದರ’ ಎಂದು ಒಂದು ಪದ ಕೊಟ್ಟು ಕೈ ತೊಳಕೊಂಡಿದ್ದ. ಇಲ್ಲಿ ಅದು ಪುಟಗಟ್ಟಲೆ ಸುಮ್ಮನೆ ಹರಿಯುತ್ತಿತ್ತು. ಅದಕ್ಕೆ ಯಾರ ದನಿ ಹಾಕಬೇಕೋ ನನಗೆ ತಿಳಿಯಲಿಲ್ಲ. ನನ್ನದೇ ದನಿಯಲ್ಲಿ ಓದಿದೆ.

ಕಂಬಕ್ಕೆ ಒರಗಿ ಕುಂತಿದ್ದ ಶಿವಗಂಗಕ್ಕ ಆಗ ತಲೆ ಎತ್ತಿದಳು. ಅವಳು ಪಕ್ಕದ ಮನೆಯ ಮೋನಮ್ಮನ ಮಗಳು. ತಾಂಡೂರಿಗೆ ಕೊಟ್ಟಿದ್ದರು. ಗಂಡ ಕಾಶಿನಾಥನಿಗೆ ಅಲ್ಲಿ ನೆಲಕ್ಕೆ ಹಾಸುವ ನಾಪರಾಸು ಕಲ್ಲಿನ ವ್ಯಾಪಾರ. ಪಂಚಮಿಗೆಂದು ತವರಿಗೆ ಬಂದವಳು, ಪಂಚಮಿ ಮುಗಿದರೂ ಹೊರಟಿರಲಿಲ್ಲ. ಯಾಕೆ ಎಂದರೆ “ಆ ಮನ್ಯಾಗ ನನ್ನ ಕೂಡ ಯಾರೂ ಮಾತಾಡಲ್ಲ” ಅನ್ನುತ್ತಿದ್ದಳು. ಇದೂ ಒಂದು ಕಾರಣವೇ ಎಂದು ಹಿರಿಯರು ನಕ್ಕಿದ್ದರು.

“ಹೊಡೀತಾನೇನ?” ಎಂದು ಮೋನಮ್ಮ ನಮ್ಮ ಪಡಸಾಲೆಯಲ್ಲೇ ಕೇಳಿದ್ದಳು.

“ಇಲ್ಲ.”

“ಕುಡೀತಾನೇನ?”

“ಇಲ್ಲವ್ವ.”

“ಮತ್ತ ಮಂದಿಗಿ ಏನಂತ ಹೇಳ್ಲಿ, ಹೇಳು?”

ಅವತ್ತು ಓದು ಮುಗಿದ ಮೇಲೆ ಮೋನಮ್ಮ ಒಂದು ಕಾಯಿಯನ್ನು ಕೆಂಪು ವಸ್ತ್ರದಲ್ಲಿ ಸುತ್ತಿ ನಮ್ಮ ಜಂತಿಗೆ ಕಟ್ಟಿದಳು. ಕೈ ಮುಗಿದು ಹರಕೆ ಹೇಳಿದಳು: “ಪುರಾಣದಾಗ ತುಂಗವ್ವನ ಬಾಳೇವು ಹ್ಯಾಂಗ ಮುಗೀತದೋ ನನ್ನ ಮಗಳದೂ ಹಂಗೇ ಮಾಡ್ತೀನಿ. ಆಕಿ ಗಂಡನ ಮನಿಗಿ ಹೋದ್ರ ಇಕಿನೂ ಹೋಗ್ಲಿ. ತವರಾಗ ಉಳದ್ರ ಇಕಿನೂ ಉಳೀಲಿ. ಮಂಗಲದ ದಿನ ಅಳಿಯಗ ಬಾ ಅಂತ ಫೋನ್ ಮಾಡೀನಿ.”

ಗೈಡಿನ ಕೊನೆಯ ಸಾಲು ಕಣ್ಣ ಮುಂದೆ ಬಂತು. ಬಾವಿ! ಮರುದಿನ ಮೋನಮ್ಮ ಹೊಲಕ್ಕೆ ಹೋದದ್ದು ನೋಡಿ, ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದ ಶಿವಗಂಗಕ್ಕನ ಹತ್ತಿರ ಹೋದೆ.

“ಅಕ್ಕಾ, ಒಂದು ಮಾತು. ಕೊನಿಗಿ ತುಂಗಮ್ಮ ಬಾವಿ ಬೀಳ್ತಾಳಂತ ಗೈಡಿನಾಗ ಅದ.”

ಅವಳು ಮೊರ ಕೆಳಗಿಟ್ಟಳು.

“ನೀ ಹೇಳಿದಂಗ ಬದಲಿ ಮಾಡಿ ಓದ್ತೀನಿ. ಯಾರಿಗೆ ಗೊತ್ತಾಗತದ? ಗಂಡ ಬಂದು ಕಾಲು ಹಿಡೀತಾನ ಅನ್ಲಾ? ತವರಾಗ ಉಳಕೊಂಡು ಟೇಲರಿಂಗ್ ಕಲೀತಾಳ ಅನ್ಲಾ? ಶಾಸ್ತ್ರಿಗಳ ದನ್ಯಾಗ ಏನ ಹೇಳಿದ್ರೂ ನಡೀತದ.”

“ನಿನಗ ಎಲ್ಲಾ ಚಾಷ್ಟಿ.”

“ಚಾಷ್ಟಿ ಅಲ್ಲಕ್ಕ. ನಿನ್ನ ಸಲುವಾಗಿ.”

ಅವಳು ಮತ್ತೆ ಮೊರ ಎತ್ತಿಕೊಂಡಳು. “ಬ್ಯಾಡ ತಮ್ಮಾ. ಮಾತಿಲ್ಲದ ಮನಿ ಹೆಂಗಿರತದಂತ ನಾ ಹೇಳಿದ್ರ ಯಾರಿಗೂ ತಿಳೀಲಿಲ್ಲ. ಅಂವ ಯಾರೋ ಬರ್ದಾನ, ಅವಗ ತಿಳದದ. ಮುಂದ ಏನ ಮಾಡ್ಯಾನ, ಅದನ್ನೇ ಓದು.”

“ಬಾವಿ ಇದ್ರ?”

“ಬಾವಿ ಇದ್ರ ಅವನ ಕೂಡ ನಾ ಜಗಳಾಡ್ತೀನಿ. ನಾ ಏನೂ ಬೀಳಂಗಿಲ್ಲ, ಅಂಜಬ್ಯಾಡ. ಬೇಕಾದ್ರ ಅವ್ವನ ಹರಕಿನೇ ಬೀಳ್ಲಿ.”

ಆಮೇಲೆ ಮೊದಲೇ ಕೊನೆಯ ಅಧ್ಯಾಯ ನೋಡಿಬಿಡೋಣ ಎಂದರೆ ಅಜ್ಜಿ ಪುಸ್ತಕವನ್ನು ದೇವರ ಜಗುಲಿಯ ಮೇಲೆ ಲಿಂಗದ ಪಕ್ಕ ಇಟ್ಟು ಕಾಯುತ್ತಿದ್ದಳು. ಪುರಾಣವನ್ನು ಮುಂಚೆ ಇಣುಕಿ ನೋಡಬಾರದಂತೆ!

ಮಂಗಲದ ಸಂಜೆ ಪಡಸಾಲೆ ತುಂಬಿ ಅಂಗಳಕ್ಕೆ ಚೆಲ್ಲಿತ್ತು. ಕಾಶಿನಾಥ ತಾಂಡೂರಿನಿಂದ ಬಸ್ಸು ಹಿಡಿದು ಬಂದು, ಕಟ್ಟೆಯ ತುದಿಗೆ ಚಪ್ಪಲಿ ಕಾಯುವವನಂತೆ ಕುಂತಿದ್ದ. ಯಾರು ಏನು ಕೇಳಿದರೂ ‘ಹಾಂ’, ‘ಹೂಂ’. ಕಲ್ಲಿನ ವ್ಯಾಪಾರಿಯ ಮುಖವೂ ಪಾಲಿಶ್ ಕಲ್ಲಿನಂತೆಯೇ ಇತ್ತು, ಒಂದು ಗೆರೆ ಏಳುತ್ತಿರಲಿಲ್ಲ.

ಓದಿದೆ. ತುಂಗಮ್ಮ ಕೊಡ ತಗೊಂಡು ಬಾವಿಗೆ ಬಂದಳು. ಲಚ್ಚಮ್ಮ “ಯವ್ವಾ, ಹಿಂದಕ್ಕ ಬಾರ” ಎಂದು ಕೂಗಿಯೇಬಿಟ್ಟಳು. ಮೋನಮ್ಮ ಜಂತಿಯ ಕಾಯಿಯನ್ನೇ ನೋಡುತ್ತಿದ್ದಳು. ನಾನು ಪುಟ ತಿರುವಿದೆ.

‘ತುಂಗಮ್ಮನು ಮೆಟ್ಟಿಲ ಮೇಲೆ ಬಹಳ ಹೊತ್ತು ಕುಳಿತಿದ್ದಳು. ನೀರಿನಲ್ಲಿ ತನ್ನ ಮುಖವು ಕಂಡಿತು. ಅದು ಏನನ್ನೋ ಕೇಳುವಂತಿತ್ತು. ಅವಳು ಕೊಡವನ್ನು ತುಂಬಿದಳು. ಮೆಟ್ಟಿಲೇರಿ, ಸೆರಗನ್ನು ಹಿಂಡಿಕೊಂಡು, ನಡೆದಳು.’

ಮುಂದಿನ ಪುಟ ಖಾಲಿ. ಅದರ ಹಿಂದೆ ಬೆಲೆ.

ಬಾವಿಗೆ ಬೀಳಲೇ ಇಲ್ಲ! ಗೈಡ್ ಬರೆದ ಪುಣ್ಯಾತ್ಮನೂ ನನ್ನ ಹಾಗೆಯೇ ಕಾದಂಬರಿ ಓದದೆ, ಬಾವಿ ಕಂಡಕೂಡಲೇ ಅವಳನ್ನು ತಳ್ಳಿ ಪಾಠ ಮುಗಿಸಿದ್ದ. ನನಗೆ ಕುಣಿಯುವಷ್ಟು ಖುಷಿಯಾಗಬೇಕಿತ್ತು. ಅಷ್ಟರಲ್ಲಿ ಮೋನಮ್ಮ ಕೇಳಿದಳು.

“ನಡೆದಳು. ಖರೆ. ಯಾ ಮನಿಗಿ?”

“ಬರ್ದಿಲ್ಲ, ದೊಡ್ಡಮ್ಮ.”

“ಬರ್ದಿಲ್ಲಂದ್ರ? ಇನ್ನೊಂದು ಹಾಳಿ ತಿರುವು.”

“ಹಾಳಿ ಇಲ್ಲ.”

“ಕೊಡ ತುಂಬ್ಯಾಳಂದ್ರ ಗಂಡನ ಮನಿಗೇ,” ಎಂದಳು ಒಬ್ಬಳು. “ಆ ಮನಿ ಕೊಡನೇ ಅಲ್ಲೇನು ಅದು? ಯಾರ ಕೊಡ ಅವರಿಗಿ ಕೊಡಬೇಕಲ್ಲ!”

“ಸೆರಗು ಹಿಂಡಿದ್ಳಂತ. ಊರಿಗಿ ಹೊಂಟಾಕಿನೇ ಸೆರಗು ಹಿಂಡ್ತಾಳ,” ಎಂದಳು ಲಚ್ಚಮ್ಮ. “ತವರಿಗೇ ಹೋಗ್ಯಾಳ.”

“ಹಿಂತಾ ಬುಕ್ಕು ಹುಡುಗರಿಗೆ ಯಾಕ ಇಡ್ತಾರೋ! ಓದಿ ಏನು ತಿಳೀಬೇಕು?”

“ತಿಳೀಲಿಲ್ಲಂದ್ರ ನೀ ಯಾಕ ಅಳಾಕತ್ತಿ?”

ಗದ್ದಲವೋ ಗದ್ದಲ. ನಾನು ಕೊನೆಯ ಎರಡು ಸಾಲು ಮತ್ತೆ ಮತ್ತೆ ಓದಿದೆ. ಒಮ್ಮೆ ಗಂಡನ ಮನೆಯ ದಾರಿ ಕಂಡಿತು, ಒಮ್ಮೆ ತವರಿನದು, ಒಮ್ಮೆ ಎರಡೂ ಅಲ್ಲದ ಮತ್ತೊಂದು.

“ಮಂಗಲ ಆಗಿಲ್ಲ,” ಎಂದು ಅಜ್ಜಿ ತೀರ್ಪು ಕೊಟ್ಟಳು. “ಯಾರೂ ಕಾಯಿ ಒಡೀಬ್ಯಾಡ್ರಿ.”

ಮೋನಮ್ಮ ತಲೆಯ ಮೇಲೆ ಕೈ ಹೊತ್ತು ಕುಂತಳು. ಅಳಿಯ ಬಂದಿದ್ದಾನೆ, ಹರಕೆ ಜಂತಿಯಲ್ಲಿ ನೇತಾಡುತ್ತಿದೆ, ಕಳಿಸಬೇಕೋ ಉಳಿಸಿಕೊಳ್ಳಬೇಕೋ ದೇವರೇ ಹೇಳದೆ ಹೋದ.

ಆಗ ಕಟ್ಟೆಯ ತುದಿಯಿಂದ ದನಿ ಬಂತು. “ಆಕಿ ಗಂಡ ಎಲ್ಲಿದ್ದ?”

ಎಲ್ಲರೂ ತಿರುಗಿ ನೋಡಿದರು. ಕಾಶಿನಾಥ ಎದ್ದು ನಿಂತಿದ್ದ. ಕೇಳಿದ್ದು ತಾನೇ ಹೌದೋ ಅಲ್ಲವೋ ಎಂಬಂತೆ ಅವನೂ ಅತ್ತಿತ್ತ ನೋಡಿದ.

“ಅಷ್ಟು ಹೊತ್ತು ಬಾವಿ ಮ್ಯಾಲ ಕುಂತಿದ್ಳಲ್ಲ... ಅಂವ ಹುಡುಕ್ಕೋಂತ ಯಾಕ ಬರ್ಲಿಲ್ಲ?”

ಶಿವಗಂಗಕ್ಕ ಕಂಬ ಬಿಟ್ಟು ಮುಂದೆ ಬಂದಳು. “ನೀವೇ ಹೇಳ್ರಿ. ಯಾಕ ಬರ್ಲಿಲ್ಲ?”

“ನಾ ಪೂರಾ ಕೇಳಿಲ್ಲ,” ಎಂದ ಕಾಶಿನಾಥ. “ಇವತ್ತೇ ಬಂದೀನಿ.”

“ಹಂಗಾರ ಬುಕ್ಕು ಒಯ್ರಿ. ಮೊದ್ಲಿಂದ ಓದ್ರಿ.”

“ನಂದು ತೆಲುಗು ಮೀಡಿಯಂ. ನನಗ ಕನ್ನಡ ಓದಾಕ ಬರಲ್ಲ.”

“ಅಕ್ಷರ ಅಕ್ಕ-ತಂಗೇರು ಇದ್ದಂಗ ಅವ. ಕೂಡಿಸಿ ಕೂಡಿಸಿ ಓದ್ರಿ. ತಿಳೀಲಾರದ್ದು ಬಂದ್ರ ಫೋನ್ ಮಾಡಿ ನನ್ನ ಕೇಳ್ರಿ.”

“ಮತ್ತ ನೀ ಬರೋದು?”

“ಓದಿ ಮುಗಸ್ರಿ. ಆಮ್ಯಾಲ ಮಾತಾಡಮು.”

ಮೋನಮ್ಮ “ಹುಚ್ಚಿ, ಬುಕ್ಕಿನ ಸಲುವಾಗಿ ಗಂಡನ್ನ ಹಿಂದಕ್ಕ ಕಳಸ್ತಾರೇನ?” ಎಂದು ಎದ್ದಳು. ಅಜ್ಜಿ ಅವಳ ಸೆರಗು ಹಿಡಿದು ಕೂಡಿಸಿದಳು. ಕಾಶಿನಾಥ ಪುಸ್ತಕವನ್ನು ಎರಡೂ ಕೈಯಿಂದ ಇಸಗೊಂಡು, ಎಲ್ಲಿ ಹಿಡಿಯಬೇಕೋ ತಿಳಿಯದೆ, ಅಂಗಿಯೊಳಗೆ ಸೇರಿಸಿಕೊಂಡು ಹೋದ. ಅದು ನನ್ನ ಪುಸ್ತಕ ಎಂದು ಯಾರಿಗೂ ನೆನಪಾಗಲಿಲ್ಲ.

ಮರುದಿನ ಕಾಲೇಜಿಗೆ ಹೋಗಿ ಬಸವಕಿರಣ ಸರ್ ಮುಂದೆ ದೂರು ಹೇಳಿದೆ. ಸರ್, ಗೈಡ್ ಸುಳ್ಳು, ತುಂಗಮ್ಮ ಸಾಯುವುದಿಲ್ಲ. ಅವರು ಕನ್ನಡಕ ತೆಗೆದು ಒರೆಸಿದರು.

“ನೀ ಓದೀ ಏನು?”

“ಓದೀನ್ರಿ, ಸರ್. ಖರೇನ ಓದೀನಿ.”

“ಹಿಂದಿನ ವರ್ಷ ಪೇಪರಿನಾಗ ‘ತುಂಗಮ್ಮನ ಆತ್ಮಾರ್ಪಣೆಯ ಔಚಿತ್ಯ’ ಅಂತ ಕೇಳಿದ್ರು. ಪೇಪರ್ ತಿದ್ದೋರ ಕೈಯಾಗೂ ಅದೇ ಗೈಡ್ ಇರತದ. ಬದುಕ್ಯಾಳಂತ ಬರದ್ರ ನೀ ಮುಳಗ್ತಿ.”

“ಮತ್ತ ಏನ ಬರೀಲ್ರಿ?”

“ಅದೇ ನನಗೂ ತಿಳಿವಲ್ದು,” ಎಂದು ಅವರು ಕನ್ನಡಕ ಹಾಕಿಕೊಂಡರು.

ಇಂಥ ಕಾದಂಬರಿ ಓದಿ ಉಪಯೋಗ ಏನು ಎಂದು ಯಾರಾದರೂ ಕೇಳಿದರೆ ಮೊದಲು ನನ್ನ ಹತ್ತಿರ ಪಟ್ಟನೆ ಉತ್ತರ ಇತ್ತು. ಓದಿದ ಮೇಲೆ ಅದೂ ಹೋಯಿತು.

ಸಂಜೆ ಬಸ್ಸಿಳಿದು ಬರುವಾಗ ಶಿವಗಂಗಕ್ಕ ನಮ್ಮ ಕಟ್ಟೆಯ ಮೇಲೆ ಫೋನ್ ಹಿಡಕೊಂಡು ಕುಂತಿದ್ದಳು. “ಅಲ್ರಿ, ಅದು ಒತ್ತು... ಕೆಳಗ ಕೊಟ್ಟಾರಲ್ಲ, ಅದು... ಹಾಂ. ಈಗ ಕೂಡಿಸಿ ಓದ್ರಿ.” ಆ ಕಡೆಯಿಂದ ಕಾಶಿನಾಥನ ದನಿ ತಡವರಿಸುತ್ತ, ಒಂದೊಂದೇ ಅಕ್ಷರ ಎತ್ತಿಡುತ್ತ ಬರುತ್ತಿತ್ತು. ಅಣಕಿಸಲು ನನ್ನ ನಾಲಿಗೆ ತುರಿಸಿತು, ಸುಮ್ಮನಾದೆ. ಮೋನಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

ಫೋನ್ ಇಟ್ಟಮೇಲೆ ಮೆಲ್ಲಗೆ ಕೇಳಿದೆ. “ಹೋಗ್ತೀಯಕ್ಕ, ಇಲ್ಲಾ ಇರ್ತೀ?”

“ಗೊತ್ತಿಲ್ಲ ತಮ್ಮಾ,” ಎಂದಳು. “ಇನ್ನ ತುಂಗವ್ವ ಹುಟ್ಟೇ ಇಲ್ಲ.”

ಫೋನ್ ಮತ್ತೆ ರಿಂಗಾಯಿತು.