ಎಣಿಕೆಗೆ ಸಿಗದವರು

"ನಿಮಗೆ ಎಷ್ಟು ಮಕ್ಕಳು?" ಎಂದು ಡಾಕ್ಟರಮ್ಮ ಮತ್ತೆ ಕೇಳಿದಾಗ ಅಜ್ಜಿಗೆ ರೇಗಿತು. ಹಿಂದೆ ಎರಡು ಸಲ ಮೊಮ್ಮಗನನ್ನು ಆಸ್ಪತ್ರೆಗೆ ಸೇರಿಸಿದಾಗಲೂ ಇದೇ ಪ್ರಶ್ನೆ.

"ಹೇಳಿದ್ನಲ್ಲಮ್ಮ, ಇಬ್ಬರೇ. ಇವಳು, ಇವಳ ತಂಗಿ," ಎಂದು ಪಕ್ಕದಲ್ಲಿದ್ದ ಮಗಳನ್ನು ತೋರಿಸಿದಳು.

ಗಾಜಿನಾಚೆ ಎಂಟು ತಿಂಗಳ ಮೊಮ್ಮಗ ಮಲಗಿದ್ದ. ಕಿವಿ ಸೋರುವುದು ನಿಂತರೆ ಭೇದಿ, ಭೇದಿ ನಿಂತರೆ ಕೆಮ್ಮು. ಈಗ ಮೂರನೇ ಸಲ ನ್ಯುಮೋನಿಯಾ. ಅಜ್ಜಿ ಹೊಲಿಗೆಯಂಗಡಿಯಲ್ಲಿ ಕಾಜಾ ಹಾಕುವವಳು. ಕೈಯಷ್ಟೇ ಬಾಯಿಯೂ ಚುರುಕು. ಬಾಟಲಿ ಸರಿಯಾಗಿ ಕುದಿಸಲ್ಲ, ತಲೆ ಒರೆಸಲ್ಲ ಎಂದು ಎಂಟು ತಿಂಗಳೂ ಮಗಳನ್ನೇ ಬೈದಿದ್ದಳು. ಮಗಳು ಪಾಪ, ಎಲ್ಲವನ್ನೂ ನುಂಗಿಕೊಂಡು ಬಾಟಲಿಯನ್ನು ಇನ್ನೊಮ್ಮೆ ಕುದಿಸುತ್ತಿದ್ದಳು.

"ರೋಗ ತಡೆಯೋ ಶಕ್ತೀನೇ ಇಲ್ಲದೆ ಹುಟ್ಟಿದಾನೆ. ತಾಯಿ ಕಡೆಯಿಂದ ಗಂಡುಮಕ್ಕಳಿಗೆ ಬರೋ ಕಾಯಿಲೆ," ಎಂದರು ಡಾಕ್ಟರಮ್ಮ. "ಹುಟ್ಟಿ ತೀರಿಹೋದವರು ಯಾರಾದರೂ ಇದ್ರಾ ಅಂತ ಕೇಳ್ತಿರೋದು."

ಅಜ್ಜಿ ಸುಳ್ಳು ಹೇಳಿರಲಿಲ್ಲ. ಅವಳ ಮನೆಯಲ್ಲಿ ಮಕ್ಕಳೆಂದರೆ ಉಳಿದ ಮಕ್ಕಳು. ಹೋದವರನ್ನು ಎಣಿಸಿದರೆ ಇರುವವರಿಗೆ ಒಳ್ಳೆಯದಲ್ಲವೆಂದು ಅವಳ ಅಮ್ಮ ಬಾಯಿ ಮುಚ್ಚಿಸಿದ್ದಳು.

"ಅವು ಲೆಕ್ಕಕ್ಕಿಲ್ಲ," ಎಂದಳು ಮೆಲ್ಲಗೆ. "ಎರಡು ಗಂಡು. ಒಂದು ಐದು ತಿಂಗಳಿಗೆ, ಒಂದು ಏಳಕ್ಕೆ. ಕೆಮ್ಮಿ ಕೆಮ್ಮಿ ಹೋದ್ವು."

ಮಗಳು ಅಮ್ಮನನ್ನು ಹೊಸಬಳನ್ನು ನೋಡುವಂತೆ ನೋಡಿದಳು. "ಮೊದಲೇ ಗೊತ್ತಿದ್ದಿದ್ರೆ ಇವನು ಉಳೀತಿದ್ನಾ ಡಾಕ್ಟ್ರೇ?"

"ಹುಟ್ಟಿದ ಕೂಡಲೇ ಗೊತ್ತಾಗಿದ್ರೆ ಅಸ್ಥಿಮಜ್ಜೆ ಕಸಿ ಮಾಡಬಹುದಿತ್ತು. ಈಗ ಅವನ ಶ್ವಾಸಕೋಶ ಅದನ್ನ ತಡ್ಕೊಳ್ಳಲ್ಲಮ್ಮ." ಡಾಕ್ಟರಮ್ಮ ಫೈಲಿನಲ್ಲಿ ಬರೆದುಕೊಂಡು ಕೇಳಿದರು, "ನಿಮ್ಮ ತಂಗಿಗೆ ಮಕ್ಕಳು?"

"ಏಳು ತಿಂಗಳ ಬಸುರಿ."

"ಹಾಗಾದ್ರೆ ಇವತ್ತೇ ತಿಳಿಸಿ. ಗಂಡುಮಗು ಆದ್ರೆ ಅವತ್ತೇ ರಕ್ತ ಪರೀಕ್ಷೆ ಆಗಬೇಕು."

"ನನ್ನ ಬಾಯಿಗೆ ಮಣ್ಣು ಹಾಕ," ಎಂದಳು ಅಜ್ಜಿ. ಬೈದದ್ದೆಲ್ಲ ನೆನಪಾಗಿ ಮಗಳ ಮುಖ ನೋಡಲಾಗಲಿಲ್ಲ. ಮಗಳು ತಂಗಿಯ ನಂಬರ್ ಒತ್ತಿ, ಫೋನನ್ನು ಅಮ್ಮನ ಕೈಗೆ ಕೊಟ್ಟಳು.

"ಪುಟ್ಟ ಹೇಗಿದಾನಮ್ಮ?" ಎಂದಿತು ಆ ಕಡೆಯ ದನಿ.

"ಹೇಳ್ತೀನಿ ಕಣೇ. ಮೊದಲು ಕೂತ್ಕೋ. ನೀವಿಬ್ಬರೂ ಹುಟ್ಟೋಕೆ ಮುಂಚೆ ನಿಮಗೆ ಇಬ್ಬರು ಅಣ್ಣಂದಿರಿದ್ರು."

ಆ ಕಡೆ ಕುರ್ಚಿ ಎಳೆದ ಸದ್ದಾಯಿತು. ಆಮೇಲೆ, "ಅವರ ಹೆಸರೇನಮ್ಮ?"

ಒಳಗೆ ನರ್ಸ್ ಮಗುವಿನ ಮೂಗಿನ ಮೇಲೆ ಆಕ್ಸಿಜನ್ ಮಾಸ್ಕ್ ಸರಿಮಾಡುತ್ತಿದ್ದಳು. ಅಜ್ಜಿ ದೊಡ್ಡವನ ಹೆಸರು ಹೇಳಿದಳು. ಚಿಕ್ಕವನದನ್ನು ಹೇಳಲು ಬಾಯಿ ತೆರೆದಳು; ಹೆಸರು ನೆನಪಿಗೆ ಬರಲಿಲ್ಲ.